ವ್ಯಾನಿನಲ್ಲಿದ್ದ ಕಪ್ಪಂಚಿನ ಕಾಗದಗಳು

ಕಾರ್ಡನ್ನು ಗೇಟಿನ ಹತ್ತಿರ ನಿಂತೇ ಓದಿದೆ. ಓದಿ ಎರಡಾಗಿ ಹರಿದೆ. ಎರಡನ್ನೂ ಒಂದರ ಮೇಲೊಂದಿಟ್ಟು ಮತ್ತೊಮ್ಮೆ ಹರಿದು, ಚೂರುಗಳನ್ನು ಒಣಕಸದ ಬಕೆಟ್ಟಿಗೆ ಹಾಕಿ, ಅಂಗಳದ ನಲ್ಲಿಯಲ್ಲಿ ಕೈ ತೊಳೆದುಕೊಂಡು ಒಳಗೆ ಬಂದೆ. ಕಾಫಿ ಕುಡಿಯುತ್ತ ಕೂತಾಗ ಅಮ್ಮ ಕೇಳಿದಳು, "ಯಾರ್ದೇ ಅದು ಕಾರ್ಡು?"

"ನಮ್ ಕಾಲೇಜಿನ ಸರ್‌ದು. ಭಾನುವಾರ ವೈಕುಂಠ ಸಮಾರಾಧನೆ ಅಂತೆ. ಮಗಳು ಬಂದು ಕೊಟ್ಟು ಹೋದ್ಲು."

"ಹರಿದಾಕಿದ್ಯಾ?"

"ಹಾಕ್ದೆ."

ಆ ಉತ್ತರ ನನ್ನ ಕಿವಿಗೇ ಬಿದ್ದಾಗ ಏನು ಮಾಡಿಬಿಟ್ಟೆ ಎನ್ನುವುದು ಗೊತ್ತಾಯಿತು. ಲೋಟ ಇಟ್ಟು ಹೊರಗೆ ಓಡಿದೆ. ಬಕೆಟ್ಟು ಖಾಲಿಯಾಗಿ ಗೇಟಿನ ಪಕ್ಕ ಮಗುಚಿ ಬಿದ್ದಿತ್ತು. ಕಸದ ಗಾಡಿ ತನ್ನ ಹಾಡು ಹಾಡಿಕೊಂಡು ಮುಂದಿನ ಕ್ರಾಸಿಗೆ ಹೊರಟುಹೋಗಿತ್ತು.

ನಮ್ಮ ಕಡೆ ಸಾವಿನ ಸುದ್ದಿ ತಂದ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಓದಿದ ಕೂಡಲೇ ಹರಿಯಬೇಕು, ಅದೂ ಹೊಸ್ತಿಲು ದಾಟುವ ಮೊದಲೇ. ನಾನು ಇದನ್ನೆಲ್ಲ ನಂಬುವವಳಲ್ಲ. ಡಿಗ್ರಿ ಮಕ್ಕಳಿಗೆ ಸಮಾಜಶಾಸ್ತ್ರ ಹೇಳುತ್ತೇನೆ, ಸೂತಕದ ಬಗ್ಗೆ ಒಂದು ಗಂಟೆ ನಿರರ್ಗಳವಾಗಿ ಮಾತಾಡಬಲ್ಲೆ. ಆದರೂ ಚಿಕ್ಕಂದಿನಲ್ಲಿ ಪೋಸ್ಟ್‌ಕಾರ್ಡುಗಳನ್ನು ಹರಿದು ಅಭ್ಯಾಸವಾದ ಕೈ ನನ್ನನ್ನು ಕೇಳದೆ ತನ್ನ ಕೆಲಸ ಮುಗಿಸಿತ್ತು. ಬೇರೆ ಯಾರ ಕಾರ್ಡಾಗಿದ್ದರೂ ಇದನ್ನು ಬರೆಯುತ್ತಿರಲಿಲ್ಲ. ಇವರು ತಮ್ಮ ಅರ್ಧ ಆಯಸ್ಸನ್ನು, ಯಾರೋ ಹರಿಯದೆ ಉಳಿಸಿದ ಇಂಥ ಕಾಗದಗಳನ್ನು ಹುಡುಕುವುದರಲ್ಲೇ ಕಳೆದವರು. ತಮ್ಮದೊಂದು ಕಾರ್ಡೂ ಆ ಕಾಗದಗಳ ಜೊತೆ ಸೇರಬೇಕು ಎಂದು ನನಗೆ ಹೇಳಿದ್ದವರು. ಹೇಳಿದ್ದರು ಎಂದೇ ನನ್ನ ನೆನಪು. ಆ ನೆನಪಿನ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದು ಈ ವಾರವೆಲ್ಲ ನನ್ನನ್ನು ಕೂರಲು ಬಿಟ್ಟಿಲ್ಲ.

ಕೂರುವುದು ಅಂದರೆ ಅವರಿಗೂ ಆಗುತ್ತಿರಲಿಲ್ಲ. ನಾನು ತುಮಕೂರಿನ ಆ ಕಾಲೇಜಿಗೆ ಸೇರಿದಾಗ ಅವರು ಕಾಮರ್ಸ್ ವಿಭಾಗದಲ್ಲಿ ಹಿರಿಯರು. ಸ್ಟಾಫ್ ರೂಮಿನಲ್ಲಿ ಅವರಿಗೆಂದು ಒಂದು ಕುರ್ಚಿ ಇತ್ತು. ಅದರ ಮೇಲೆ ಒಂದು ಮೊಣಕಾಲೂರಿ, ಇನ್ನೊಂದು ಕಾಲನ್ನು ನೆಲದ ಮೇಲೆ ಕುಣಿಸುತ್ತ, ಮೇಜಿಗೆ ಬಾಗಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಎತ್ತರದ ಆಳು, ಅರ್ಧ ತೋಳಿನ ಬಿಳಿ ಶರ್ಟು, ಜೇಬಿನಲ್ಲಿ ಪೆನ್ನಿನ ಜೊತೆ ಒಂದು ಪೇಂಟಿಂಗ್ ಬ್ರಷ್ಷು. ಹಳೆಯ ಕಾಗದದ ಧೂಳು ಹೊಡೆಯುವುದಕ್ಕೆ ಅದು. ಹತ್ತಿರ ಬಂದರೆ ಬಜೆಯ ವಾಸನೆ. ಕಾಗದಕ್ಕೆ ಹುಳ ಬೀಳದಿರಲೆಂದು ಬಜೆಯ ಬೇರನ್ನು ಜಜ್ಜಿ ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು. "ಏನ್ ಸಾರ್, ಮಗೀಗೆ ಬಜೆ ತೇಯ್ದು ಬಂದ್ರಾ?" ಎಂದು ಬಾಟನಿಯವರು ದಿನಾ ಕೆಣಕುತ್ತಿದ್ದರು. "ಹೂಂ ಕಣಯ್ಯ, ನೂರು ವರ್ಷದ್ ಮಗು. ಇನ್ನೂ ಹಟ ಬಿಟ್ಟಿಲ್ಲ" ಎನ್ನುತ್ತಿದ್ದರು.

ನಮಸ್ಕಾರದ ಬದಲು ಅವರು ಕೇಳುತ್ತಿದ್ದದ್ದು "ಏನಾದ್ರೂ ಸಿಕ್ತಾ?" ಎಂದು. ಮದುವೆ ಮನೆಯಲ್ಲೂ ಅದೇ, ಮೌಲ್ಯಮಾಪನ ಕೇಂದ್ರದಲ್ಲೂ ಅದೇ. ಹೊಸಬರು ಏನು ಸಿಗಬೇಕಿತ್ತು ಎಂದು ತಬ್ಬಿಬ್ಬಾಗುತ್ತಿದ್ದರು. ನಾನೂ ಆಗಿದ್ದೆ. ಒಂದು ಮಧ್ಯಾಹ್ನ ಅವರೇ ಬಿಡಿಸಿ ಹೇಳಿದರು.

ಮೈಸೂರಿನ ಮಹಾರಾಜರು ತೀರಿಕೊಂಡಾಗಲೆಲ್ಲ ಊರೂರಲ್ಲೂ ಸಂತಾಪ ಸಭೆ ನಡೆಯುತ್ತಿತ್ತಂತೆ. ಶಾಲೆಯಲ್ಲಿ, ದೇವಸ್ಥಾನದ ಮುಂದೆ, ಚರ್ಚಿನಲ್ಲಿ, ಮಸೀದಿಯಲ್ಲಿ ಬೇರೆ ಬೇರೆಯಾಗಿ ಪ್ರಾರ್ಥನೆ. ಪ್ರತಿಯೊಂದಕ್ಕೂ ಕಪ್ಪಂಚಿನ ಕರಪತ್ರ, ಯಾರು ಮಾತಾಡುತ್ತಾರೆ ಯಾರು ಹಾಡುತ್ತಾರೆ ಎಂಬ ಕಾರ್ಯಕ್ರಮದ ಹಾಳೆ, ಶೋಕದ ಪದ್ಯಗಳ ಹಾಳೆ, ಭಾವಚಿತ್ರವಿದ್ದ ಅಂಗೈಯಗಲದ ಕಾರ್ಡು. ಇಂಗ್ಲೆಂಡಿನ ದೊರೆ ಸತ್ತಾಗ ಇಲ್ಲಿಯ ಚರ್ಚುಗಳಲ್ಲಿ ನಡೆದ ಪ್ರಾರ್ಥನೆಗೆ ದಪ್ಪ ಕಾಗದದಲ್ಲಿ ಅಚ್ಚಾದದ್ದು ಬೇರೆ. "ಸಾವಿರಗಟ್ಟಲೆ ಪ್ರಿಂಟ್ ಆಗಿರ್ಬೇಕು ಮೇಡಂ. ಎಲ್ಲಿ ಹೋದ್ವು ಹೇಳಿ? ಮದುವೆ ಕಾರ್ಡು ಸಿಗುತ್ತೆ, ನಾಟಕದ ಹ್ಯಾಂಡ್‌ಬಿಲ್ ಸಿಗುತ್ತೆ. ಇದು ಮಾತ್ರ ಸಿಗಲ್ಲ. ನಮ್ಮೋರು ರಾಜಂದನ್ನೂ ಬಿಡ್ಲಿಲ್ಲ, ಓದಿ ಹರಿದ್ರು."

ಈ ಹುಡುಕಾಟ ಹೇಗೆ ಶುರುವಾಯಿತು ಎಂಬುದಕ್ಕೆ ಅವರು ನನಗೆ ಎರಡು ಕಥೆ ಹೇಳಿದ್ದಾರೆ. ಒಂದರಲ್ಲಿ, ಅವರ ಊರು ಕೊತ್ತಗೆರೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದ ತಂದೆ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿ ಕರಪತ್ರ ಓದಿ, ಎಲ್ಲರೆದುರು ಅದನ್ನು ಹರಿದು, ಆಮೇಲೆ ಅತ್ತರು. ಇನ್ನೊಂದರಲ್ಲಿ ತಂದೆಯೇ ಇಲ್ಲ. ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಹಳೆಯ ಅಕೌಂಟೆನ್ಸಿ ಪುಸ್ತಕದೊಳಗೆ ಒಂದು ಕಾರ್ಡು ಇತ್ತು, ಅಷ್ಟೆ. ನನಗೆ ಮೊದಲನೆಯದು ಇಷ್ಟ, ಆದ್ದರಿಂದಲೇ ಅನುಮಾನ. ಆ ದಿನಗಳ ನನ್ನ ಡೈರಿ ತೆಗೆದು ನೋಡಿದರೆ "ಸರ್ ಇವತ್ತು ಸಂಗ್ರಹದ ವಿಷಯ ಹೇಳಿದರು, ಚೆನ್ನಾಗಿತ್ತು" ಎಂದಷ್ಟೇ ಇದೆ. ಚೆನ್ನಾಗಿತ್ತು ಎಂದು ಬರೆಯುವ ಬದಲು ಏನಿತ್ತು ಎಂದು ಬರೆಯಬಾರದಿತ್ತೆ?

ಅವರ ಮನೆ ಬಿ.ಎಚ್. ರಸ್ತೆಯಿಂದ ಒಳಗೆ. ಕಾಂಪೌಂಡಿನ ಹೊಂಗೆ ಮರದ ಕೆಳಗೆ ಒಂದು ಹಳೆಯ ಮಾರುತಿ ವ್ಯಾನು ನಿಂತಿರುತ್ತಿತ್ತು. ಎಂಜಿನ್ ತೆಗೆದಾಗಿತ್ತು, ಟೈರುಗಳು ಮಣ್ಣಿಗೆ ಅಂಟಿದ್ದವು. ನೀಲಿ ಬಣ್ಣದ್ದೆಂದು ನನ್ನ ನೆನಪು. ಮಗಳು ರೂಪಾ ಬಿಳಿ ಎನ್ನುತ್ತಾಳೆ. ಸಂಗ್ರಹವೆಲ್ಲ ಇದ್ದದ್ದು ಆ ವ್ಯಾನಿನಲ್ಲಿ. ಹಿಂದಿನ ಸೀಟು ಕಿತ್ತು ಕಬ್ಬಿಣದ ಅಟ್ಟಣೆ ಹಾಕಿಸಿದ್ದರು. ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿಗಳು, ಒಂದೊಂದರಲ್ಲೂ ಬಜೆಯ ಗಂಟು. ಸಂಜೆ ಕಾಲೇಜಿನಿಂದ ಬಂದವರು ಮನೆಯೊಳಕ್ಕೆ ಹೋಗುವ ಮೊದಲು ವ್ಯಾನಿನೊಳಗೆ ಹೋಗುತ್ತಿದ್ದರು. ಅವರು ನಿಶ್ಚಲವಾಗಿ ಕೂತದ್ದನ್ನು ನಾನು ನೋಡಿರುವುದು ಅಲ್ಲೊಂದೇ ಕಡೆ. ಅಲ್ಲಿ ನಿಲ್ಲುವಷ್ಟು ಎತ್ತರವಿರಲಿಲ್ಲ ಎನ್ನುವುದೂ ಕಾರಣವಿರಬಹುದು.

ವ್ಯಾನಿಗೆ ಕಾರಣ ಅವರ ಹೆಂಡತಿ ಸರೋಜಮ್ಮ. ಅವರೂ ಕೊತ್ತಗೆರೆ ಕಡೆಯವರೇ. ಸರ್ ಮೊದಲ ಸಲ ಇಂಥ ಕಾಗದಗಳ ಒಂದು ಕಟ್ಟು ತಂದು ನಡುಮನೆಯ ಬೀರುವಿನಲ್ಲಿಟ್ಟ ವಾರದಲ್ಲೇ ಸರೋಜಮ್ಮನ ತಾಯಿ ಕಾಲು ಮುರಿದುಕೊಂಡರಂತೆ.

"ನೋಡು ಮೇಡಮ್ಮ, ನಾನ್ ಒಂದೇ ಮಾತ್ ಹೇಳಿದ್ದು" ಎಂದು ಅವರು ನನಗೆ ಗಂಡನ ಎದುರಿಗೇ ಹೇಳಿದ್ದರು. "ಸತ್ತೋರ್ ಕಾಗ್ದ ಒಳಗಿರ್ಬೇಕಾ, ನಾನಿರ್ಬೇಕಾ? ಇವ್ರು ಎರಡು ದಿನ ಯೋಚ್ನೆ ಮಾಡಿದ್ರು ಕಣಮ್ಮ! ಎರಡು ದಿನ!"

"ಸುಳ್ಳು. ಒಂದೂವರೆ ದಿನ" ಎಂದರು ಸರ್.

ಸರೋಜಮ್ಮ ಕಾಫಿ ತಂದರೆ ವ್ಯಾನಿನ ಬಾಗಿಲವರೆಗೂ ಬರುತ್ತಿರಲಿಲ್ಲ. ಮುಂದಿನ ಗಾಜಿನ ಕೆಳಗೆ ಲೋಟವಿಟ್ಟು, ತಗಡಿಗೆ ಎರಡು ಸಲ ಬಡಿದು ಹೋಗುತ್ತಿದ್ದರು. ಆದರೆ ಮಳೆ ಹನಿಯುವ ಮುನ್ನವೇ ಟಾರ್ಪಾಲಿನ್ ಎಳೆದು ವ್ಯಾನಿಗೆ ಹೊದಿಸುತ್ತಿದ್ದವರೂ ಅವರೇ. "ಕಾಗ್ದಕ್ಕಲ್ಲ. ತಗಡು ತುಕ್ಕಿಡಿತದೆ ಅಂತ" ಎನ್ನುತ್ತಿದ್ದರು. ಎಂಜಿನ್ನೇ ಇಲ್ಲದ ವ್ಯಾನಿನ ತಗಡಿನ ಬಗ್ಗೆ ಅಷ್ಟು ಕಾಳಜಿ ಏಕೆ ಎಂದು ನಾನೂ ಕೇಳಲಿಲ್ಲ, ಸರ್ ಕೂಡ ಕೇಳಲಿಲ್ಲ.

ಒಮ್ಮೆ ನನ್ನನ್ನೂ ಗುಬ್ಬಿಗೆ ಕರೆದುಕೊಂಡು ಹೋದರು. ಪ್ಯಾಸೆಂಜರ್ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲಲ್ಲೇ ನಿಂತಿದ್ದರು. ಯಾರೋ ಹಳೆಯ ಹಾರ್ಮೋನಿಯಂ ಮಾರುತ್ತಾರೆ, ಅದರ ಪೆಟ್ಟಿಗೆಯಲ್ಲಿ "ಕರೀ ಗೆರೆ ಎಳೆದ ಹಾಳೆ" ಇದೆ ಎಂದು ಸುದ್ದಿ ಸಿಕ್ಕಿತ್ತು. ಮನೆಯಲ್ಲಿದ್ದದ್ದು ಒಬ್ಬ ಮುದುಕಿ. ಅವರ ತಾತ ನಾಟಕದ ಕಂಪನಿಗಳಲ್ಲಿ ಹಾಡುತ್ತಿದ್ದವರು, ಮಹಾರಾಜರು ತೀರಿಕೊಂಡಾಗ ಊರಿನ ಸಭೆಯಲ್ಲಿ ಶೋಕಗೀತೆ ಹಾಡಿದ್ದರಂತೆ. ಹಾಳೆ ಹೊರಬಂತು. ನಾಲ್ಕು ಮಡಿಕೆ, ಕಪ್ಪಂಚು ಕಂದಿತ್ತು. ಸಾಲುಗಳ ನಡುವೆ ಪೆನ್ಸಿಲಿನಲ್ಲಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬ ಗುರುತು. ನಮ್ಮ ಸರ್ ಬ್ರಷ್ಷು ತೆಗೆದರು, ಮತ್ತೆ ಜೇಬಿಗಿಟ್ಟರು.

"ನಿಮ್ ತಾತ ಇದನ್ನ ಇಟ್ಕೊಂಡಿದ್ರಾ ಅಮ್ಮ?" ಎಂದು ಕೇಳಿದರು.

ಬಿದರೆಹಳ್ಳ ಕಾವಲ್‌ನ ಕಾರ್ಖಾನೆಯ ಕಡೆಯಿಂದ ಒಂದು ಹೆಲಿಕಾಪ್ಟರ್ ಮನೆಯ ಮೇಲೆಯೇ ಹಾದುಹೋಯಿತು. ಅದರ ಸದ್ದು ಕಡಿಮೆಯಾಗುವವರೆಗೂ ಅಜ್ಜಿ ಬಾಯಿ ತೆರೆಯಲಿಲ್ಲ. ಆಮೇಲೆ, ಕಳ್ಳತನದ ಆರೋಪ ಬಂದವರಂತೆ ಹೇಳಿದರು: "ಅಯ್ಯೋ, ಇಟ್ಕಂಡಿರ್ನಿಲ್ಲ ಸಾಮಿ. ಸಾವಿನ್ ಕಾಗ್ದ ಯಾರಾರ ಮಡೀಕತಾರಾ? ಹರಿಯಾದ್ ಮರ್ತೋಗದೆ, ಅಷ್ಟೆಯ."

ಹೊರಗೆ ಬಂದ ಮೇಲೆ ಅವರು ರಸ್ತೆಯಲ್ಲೇ ನಿಂತು ನಕ್ಕರು. "ನೋಡಿದ್ರಾ ಮೇಡಂ? ಎಲ್ಲಿಗೆ ಹೋದ್ರೂ ಇದೊಂದೇ ಡೈಲಾಗು. ಬೆಳ್ಳಾವೀಲಿ ಒಬ್ರು ಟ್ರಂಕ್ ತಳದಲ್ಲಿ ಹಾಸಿದ್ರು, ಅವ್ರೂ ಮರೆತಿದ್ರು. ಒಬ್ರು ಹಣೆಗೆ ಕುಂಕುಮ ಇಟ್ಕೊಳೋ ಕನ್ನಡಿ ಹಿಂದೆ ಇಟ್ಟಿದ್ರು. ಮರೆತಿದ್ರಂತೆ! ದಿನಾ ಮುಖ ನೋಡ್ಕೊಳೋ ಕನ್ನಡಿ ಕಣ್ರೀ."

ಆ ನಗುವನ್ನು ನೆನೆದಾಗ ಇನ್ನೊಂದು ಸಂಗತಿಯೂ ನೆನಪಾಗುತ್ತದೆ. ತುಮಕೂರಿನ ಒಂದು ಹಳೆಯ ಪ್ರೆಸ್ ಮುಚ್ಚಿದಾಗ ಗುಜರಿಯವನೊಬ್ಬ ಕಾರ್ಡುಗಳ ಒಂದು ಕಟ್ಟು ತಂದ. ಮಹಾರಾಜರ ಭಾವಚಿತ್ರ, ಕಪ್ಪಂಚು, ದಾರ ಕೂಡ ಬಿಚ್ಚಿರಲಿಲ್ಲ. ಇವರು ಒಂದನ್ನು ಎಳೆದು, ಮೂಸಿ, ವಾಪಸು ಕೊಟ್ಟರು. ಅವನು ಹೌಹಾರಿದ. "ಸಾ, ಫ್ರೆಶ್ ಪೀಸು! ಒಂದ್ ಮಡಿಕೆ ಇಲ್ಲ!"

"ಅದಕ್ಕೇ ಬೇಡ. ಇದು ಯಾರ ಕೈಗೂ ಹೋಗಿಲ್ಲ. ಇದನ್ನ ಹರಿಯೋ ಚಾನ್ಸೇ ಯಾರಿಗೂ ಸಿಕ್ಕಿಲ್ಲ. ನಂಗೆ ಹರೀಬೋದಾಗಿತ್ತು, ಆದ್ರೂ ಹರೀಲಿಲ್ಲ, ಅಂಥದ್ದು ಬೇಕು."

ಗುಜರಿಯವನು ನನ್ನ ಮುಖ ನೋಡಿದ. ನನಗೂ ಆಗ ಅರ್ಥವಾಗಿರಲಿಲ್ಲ. ನನಗೆ ಅವರ ಮೇಲೊಂದು ತಕರಾರಿತ್ತು. ರಾಜರಿಲ್ಲದ ಕಾಲದಲ್ಲಿ ಹುಟ್ಟಿ ಬೆಳೆದವಳು ನಾನು, ಈ ಕಪ್ಪಂಚಿನ ಗೌರವವೆಲ್ಲ ಸ್ವಲ್ಪ ಮುಜುಗರ ತರುತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತ (ಅವರು ನಿಂತೇ ತಿನ್ನುತ್ತಿದ್ದರು) ಕೇಳಿಯೂಬಿಟ್ಟೆ: "ಸರ್, ನಿಮ್ಮ ಡಬ್ಬಿಗಳಲ್ಲಿ ಒಬ್ಬ ಕೂಲಿಯವನ ಸಾವಿಲ್ಲ. ರಾಜರ ಮೇಲೆ ಅಷ್ಟೊಂದು ಪ್ರೀತಿಯಾ?"

"ಅವನ ಕಾರ್ಡು ಪ್ರಿಂಟೇ ಆಗಿರಲ್ಲ ಮೇಡಂ, ನಾನೇನ್ ಮಾಡ್ಲಿ" ಎಂದರು ಮೊದಲು. ಚಟ್ನಿ ಹಾಕಿಸಿಕೊಂಡು ಬಂದು, ಕಾಲು ಕುಣಿಸುತ್ತ ಮುಂದುವರಿಸಿದರು. "ನಾನ್ ರಾಜನ ಹಿಂದೆ ಬಿದ್ದಿಲ್ಲ. ಅಪ್ಪನ ಕಾರ್ಡೋ ಗಂಡನ ಕಾರ್ಡೋ ಹರಿಯೋಕ್ಕೆ ಕೈ ಬರ್ಲಿಲ್ಲ ಅಂದ್ರೆ ನಂಗೆ ಅರ್ಥ ಆಗುತ್ತೆ. ಆದ್ರೆ ರಾಜ? ಇವರು ಯಾರೂ ಅವನನ್ನ ಕಣ್ಣಲ್ಲಿ ಕಂಡವರಲ್ಲ. ಹರಿದಾಕೋಕ್ಕೆ ಏನ್ ಕಷ್ಟ? ಆದ್ರೂ ಅಲ್ಲೊಬ್ರು ಇಲ್ಲೊಬ್ರು ಹರೀಲಿಲ್ಲ. ಮನೇಲಿ ಬೈತಾರೆ ಅಂತ ಗೊತ್ತಿದ್ದೂ ಬಚ್ಚಿಟ್ರು. ಯಾಕೆ? ಇದು ನಂಗೆ ಗೊತ್ತಾಗ್ಬೇಕು. ಗೊತ್ತಾಗ್ತಾನೇ ಇಲ್ಲ."

ಗೊತ್ತಾಗುತ್ತಿಲ್ಲ ಎಂಬುದೇ ಅವರನ್ನು ಊರೂರು ಅಲೆಸುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಸತ್ತವರ ಬಗ್ಗೆ ಹೀಗೆ ಒಂದು ಸಾಲಿನಲ್ಲಿ ಹೇಳಿಬಿಡುವುದು ಸುಲಭ. ಸಕ್ಕರೆ ಕಾಯಿಲೆಯಿಂದ ಕಾಲು ಜುಮುಗುಟ್ಟುತ್ತಿದ್ದುದೂ ಕಾರಣವಿರಬಹುದು.

ಅವರ ಸಂಗ್ರಹದ ಅತ್ಯಂತ ಒಳ್ಳೆಯ ಕಾಗದ ಅವರ ಸಂಗ್ರಹದಲ್ಲಿ ಇರಲಿಲ್ಲ. ಅದು ಕುಣಿಗಲ್‌ನ ಒಂದು ಮನೆಯ ಗೋಡೆಯ ಮೇಲಿದೆ, ಇವತ್ತಿಗೂ. ಆ ಮನೆಯ ಯಜಮಾನರ ಮುತ್ತಾತ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಯಾವ ಬಿಳಿಯ ಸಾಹೇಬ ಕೊಟ್ಟನೋ, ದಪ್ಪ ಕಾಗದದ ಒಂದು ಹಾಳೆ ಅವರ ಕೈ ಸೇರಿತ್ತು. ಸುತ್ತ ಕಪ್ಪಂಚು, ಮೇಲೆ ಕಿರೀಟದ ಚಿತ್ರ, ಕೆಳಗೆ ಇಂಗ್ಲಿಷ್. ಇಂಗ್ಲೆಂಡಿನ ದೊರೆ ಸತ್ತಾಗ ಚರ್ಚಿನಲ್ಲಿ ಯಾವ ಪ್ರಾರ್ಥನೆಯಾದ ಮೇಲೆ ಯಾವುದು ಎಂದು ತಿಳಿಸುವ ಹಾಳೆ ಅದು. ಮನೆಯಲ್ಲಿ ಆಗ ಇಂಗ್ಲಿಷ್ ಬಲ್ಲವರಿರಲಿಲ್ಲ. ಕಿರೀಟ ಇರುವುದರಿಂದ ತಾತನಿಗೆ ಸರ್ಕಾರ ಕೊಟ್ಟ ಬಿರುದು ಎಂದುಕೊಂಡರು. ಗಾಜು ಹಾಕಿಸಿ, ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದರು. ಪ್ರತಿ ಯುಗಾದಿಗೂ ಅದಕ್ಕೆ ಕುಂಕುಮ, ಮಲ್ಲಿಗೆ. ಆಮೇಲಿನ ತಲೆಮಾರು ಇಂಗ್ಲಿಷ್ ಕಲಿತರೂ, ಪೂಜೆಯಾಗುವ ಪಟವನ್ನು ಓದಲು ಯಾರೂ ಹೋಗಲಿಲ್ಲ. ಅಕ್ಷರಗಳ ಅರ್ಧ ಕುಂಕುಮದಲ್ಲಿ ಮುಚ್ಚಿಹೋಗಿತ್ತು.

ನಮ್ಮ ಸರ್ ಅಲ್ಲಿಗೆ ಹೋಗಿ, ನಿಂತು, ಓದಿ, ಕಾಫಿ ಕುಡಿದು, ಕೈ ಬೀಸಿಕೊಂಡು ಬಂದರು.

"ಇದು ಸಾವಿನ ಕಾಗದ ಅಂತ ಒಂದು ಮಾತು ಹೇಳಿದ್ದರೆ ಅವರೇ ಕಿತ್ತು ಕೊಡ್ತಿದ್ರಲ್ಲ ಸರ್?" ಎಂದೆ.

"ಆ ಕ್ಷಣ ಕೊಡ್ತಿದ್ರು. ಆ ಯಜಮಾನ ನಂಗೆ ಅದನ್ನ ತೋರ್ಸಿ ಏನಂದ ಗೊತ್ತಾ? 'ನಮ್ ವಂಶದಲ್ಲಿ ಸರ್ಕಾರ ಗುರ್ತಿಸಿದ್ದು ಇವ್ರೊಬ್ರನ್ನೇ ಸಾರ್' ಅಂದ. ಅದನ್ನ ನಾನ್ ತಂದ್ಬಿಟ್ರೆ ಆ ಮನೇಲಿ ತಾತ ಅವತ್ತು ಸಾಯ್ತಿದ್ದ ಮೇಡಂ. ನಾನ್ ವ್ಯಾನಲ್ಲಿಟ್ಕೊಂಡು ಏನ್ ಮಾಡ್ಲಿ?"

ಹೇಳಿದರೇ ಹೊರತು ಸಮಾಧಾನ ಇರಲಿಲ್ಲ. ವರ್ಷಕ್ಕೊಂದು ಸಲ ಕುಣಿಗಲ್ ಬಸ್ಸು ಹತ್ತುತ್ತಿದ್ದರು. ಆ ಮನೆಯವರಿಗೆ ಇವರೊಬ್ಬ ಹಿತೈಷಿ. ಹೋಗಿ, ಪಟದ ಮುಂದೆ ಸ್ವಲ್ಪ ಹೊತ್ತು ನಿಂತು, ಗೆದ್ದಲು ಹತ್ತಿದೆಯೇ ಎಂದು ಚೌಕಟ್ಟಿನ ಹಿಂದೆ ಬೆರಳಾಡಿಸಿ ಬರುವುದು. ಬಂದ ದಿನ ಮಾತು ಕಡಿಮೆ. "ಏನಾದ್ರೂ ಸಿಕ್ತಾ?" ಎಂದು ನಾವು ಅವರ ಮಾತನ್ನು ಅವರಿಗೇ ಒಪ್ಪಿಸಿದರೆ, "ನೋಡ್ಕೊಂಡ್ ಬಂದೆ" ಎನ್ನುತ್ತಿದ್ದರು.

ನಿವೃತ್ತರಾದ ಮೇಲೆ ಓಡಾಟ ಕಡಿಮೆಯಾಯಿತು. ಹೋದ ಮಳೆಗಾಲದಲ್ಲಿ ನಾನು ಅವರ ಮನೆಗೆ ಹೋದಾಗ ವ್ಯಾನಿನಲ್ಲೇ ಇದ್ದರು, ಡಬ್ಬಿಗಳ ಬಜೆ ಬದಲಿಸುತ್ತಿದ್ದರು. ಮುಖ ಊದಿಕೊಂಡಿತ್ತು. ಕೊನೆಯ ಡಬ್ಬಿ ಖಾಲಿಯಿತ್ತು. ಅದರಲ್ಲೂ ಒಂದು ಗಂಟು ಇಟ್ಟರು.

"ಇದು ಯಾರಿಗೆ ಸರ್?"

"ನಂಗೆ."

ನಾನು ನಕ್ಕಿರಬೇಕು. ಅವರು ನಗಲಿಲ್ಲ. "ನನ್ ಕಾರ್ಡೂ ಪ್ರಿಂಟ್ ಹಾಕಿಸ್ತಾರಲ್ಲ ಮೇಡಂ. ಒಂದು ಇದಕ್ಕೆ ಸೇರ್ಲಿ. ಹಂಚಿ ಮಿಕ್ಕಿದ್ದಲ್ಲ. ಯಾರಾದ್ರೂ ಒಬ್ರು ಹರೀದೆ ಇಟ್ಕೊಂಡಿರೋದು. ಸಿಕ್ರೆ."

ಈ ಮಾತನ್ನು ನಾನು ಈ ವಾರದಲ್ಲಿ ಎಷ್ಟು ಬಾರಿ ನೆನೆದಿದ್ದೇನೆಂದರೆ, ಈಗ ಇದು ಅವರ ಬಾಯಿಂದ ಬಂದದ್ದೋ, ಕಸದ ಗಾಡಿಯ ಹಿಂದೆ ಓಡಿದ ನನ್ನ ಕಲ್ಪನೆಯೋ ಎಂದು ಗೊಂದಲವಾಗುತ್ತದೆ. ಖಾಲಿ ಡಬ್ಬಿಯಂತೂ ನಿಜ. ಅದನ್ನು ಆಮೇಲೂ ನೋಡಿದ್ದೇನೆ.

ಆದ್ದರಿಂದ ಕಾರ್ಡು ಹರಿದ ದಿನವೇ ಫೋನು ಹಿಡಿದು ಕೂತೆ. ರೂಪಾ ಕಾರ್ಡು ಕೊಡುವಾಗಲೇ ಹೇಳಿದ್ದಳು, ಸಮಾರಾಧನೆಯ ಮರುದಿನ ವ್ಯಾನನ್ನು ಗುಜರಿಯವರು ಎಳೆದೊಯ್ಯುತ್ತಾರೆ, ಅಷ್ಟರಲ್ಲಿ ಡಬ್ಬಿಗಳನ್ನು ನಾನು ತೆಗೆದುಕೊಂಡು ಹೋಗಬೇಕು ಎಂದು. ಅಪ್ಪ ಹಾಗೆ ಹೇಳಿದ್ದರಂತೆ. ನನ್ನ ಅಮ್ಮನನ್ನು ಒಪ್ಪಿಸಲು ಒಂದು ದಿನ ಹಿಡಿಯಿತು. ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಕೋಣೆ ಮನೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವಳೇ ತೀರ್ಪು ಕೊಟ್ಟಳು. "ಮೆಟ್ಲು ಆಚೆಯಿಂದ ಐತಲ್ಲ, ಅದಕ್ಕೆ." ಇನ್ನು ಬೇಕಾದದ್ದು ಒಂದು ಕಾರ್ಡು.

ನಿವೃತ್ತ ಪ್ರಿನ್ಸಿಪಾಲರು ಹೇಳಿದರು: "ಓದ್ದೆ, ಹರಿದೆ. ಯಾಕಮ್ಮ, ಊಟದ ಟೈಮ್ ಗೊತ್ತಾಗ್ಬೇಕಾ? ಫೋಟೋ ಇದೆ, ವಾಟ್ಸಾಪ್ ಮಾಡ್ತೀನಿ."

ಬಾಟನಿಯವರು: "ನಮ್ಮತ್ತೆ ಗೇಟಲ್ಲೇ ಕಿತ್ಕೊಂಡು ಹರಿದ್ರು ಕಣ್ರೀ. ಯಾರ್ ಹೋಗಿದ್ದು ಅಂತ ಓದೋಕ್ಕೂ ಬಿಡ್ಲಿಲ್ಲ. ಅರ್ಧ ಹೆಸರಲ್ಲಿ ಊಹೆ ಮಾಡ್ದೆ."

ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದರು, ಸಂಜೆಗೆ ಅದೂ ಇರಲಿಲ್ಲ. ಪರೀಕ್ಷೆಯ ಸಮಯ, ಮಕ್ಕಳ ಕಣ್ಣಿಗೆ ಬೀಳಬಾರದು ಎಂದು ಯಾರೋ ತೆಗೆದಿದ್ದರು. ಕೊತ್ತಗೆರೆಯಲ್ಲಿದ್ದ ಸರ್ ದೊಡ್ಡಪ್ಪನ ಮಗ ನನ್ನನ್ನೇ ಸಮಾಧಾನ ಮಾಡಿದರು: "ಕಾಗ್ದ ತಕಂಡ್ ಏನ್ ಮಾಡ್ತೀಯ ಬುಡವ್ವ. ಮನ್ಸನೇ ಒಂಟೋದ." ರೂಪಾ ಮಿಕ್ಕ ಕಾರ್ಡುಗಳನ್ನು ಹಂಚಿದ ದಿನವೇ ತೋಟದಲ್ಲಿ ಸುಟ್ಟಿದ್ದಳು. ಪ್ರೆಸ್ಸಿನವರು ಬೇಕಾದರೆ ಇನ್ನೂ ಹತ್ತು ಹಾಕಿಕೊಡುತ್ತೇವೆ ಎಂದರು. ದಾರ ಬಿಚ್ಚದ ಕಟ್ಟಿನ ಗುಜರಿಯವನು ನೆನಪಾಗಿ, ಬೇಡ ಎಂದೆ.

ಕೊನೆಗೆ ಕುಣಿಗಲ್‌ನ ಯಜಮಾನರಿಗೆ ಫೋನು ಮಾಡಿದೆ. ಆ ಮನೆಯ ಮೇಲೆ ನನಗೊಂದು ಆಸೆಯಿತ್ತು. "ಬಂತು ಮೇಡಂ, ಓದಿ ಕಣ್ಣಲ್ಲಿ ನೀರು ಬಂತು" ಎಂದರು. "ಎಂಥಾ ಮನುಷ್ಯ. ವರ್ಷಾ ವರ್ಷಾ ಬಂದು ನಮ್ ತಾತನ ಪಟಕ್ಕೆ ಕೈ ಮುಗಿಯೋರು. ಕಾರ್ಡಾ? ಹರಿದಾಕಿದ್ವಿ ಮೇಡಂ. ಅಂಥದ್ದೆಲ್ಲ ಮನೇಲಿ ಮಡಗಕ್ಕಾಗುತ್ತಾ?"

ಅವರು ಆ ಪಟದ ಕೆಳಗೇ ನಿಂತು ಮಾತಾಡುತ್ತಿದ್ದಿರಬಹುದು. ನಾನು ಪಟದ ಮಾತೆತ್ತದೆ ಫೋನಿಟ್ಟೆ.

ಭಾನುವಾರ ಊಟಕ್ಕೆ ಕೂತಾಗ ಎದುರು ಸಾಲಿನವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದೆ. ಇಷ್ಟು ಜನರ ಕೈಗೂ ಕಾರ್ಡು ಹೋಗಿತ್ತು. ಈಗಿನ ಕಾರ್ಡುಗಳಿಗೆ ಕಪ್ಪಂಚು ಕೂಡ ಇರುವುದಿಲ್ಲ. ಅವರದು ತಿಳಿ ಹಳದಿ, ಮೂಲೆಯಲ್ಲಿ ದೀಪ, ನಡುವೆ ಪಾಸ್‌ಪೋರ್ಟ್ ಫೋಟೋ. ಅದರಲ್ಲೂ ಅವರು ಎದ್ದು ಹೊರಡುವವರಂತೆ ಕಾಣುತ್ತಿದ್ದರು. ಪಾಯಸ ಬಡಿಸುವಾಗ ಸರೋಜಮ್ಮ ದೂರದ ಕಂಬಕ್ಕೆ ಒರಗಿ ನಿಂತಿದ್ದರು. ಅವರನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕೇಳುವುದಕ್ಕೆ ಅಲ್ಲಿ ಏನಿತ್ತು? ಕಾಗದವನ್ನು ಹೊರಗೆ ಹಾಕಿದವರೇ ಅವರು.

ಸೋಮವಾರ ಬೆಳಿಗ್ಗೆ ಆಟೋ ಮಾಡಿಕೊಂಡು ಹೋದೆ. ವ್ಯಾನು ಆಗಲೇ ಹೋಗಿತ್ತು. ಹೊಂಗೆಯ ಕೆಳಗೆ ವ್ಯಾನಿನ ಆಕಾರದಷ್ಟೇ ನೆಲ ಹುಲ್ಲಿಲ್ಲದೆ ಬೆಳ್ಳಗಿತ್ತು. ಡಬ್ಬಿಗಳನ್ನು ಮೆಟ್ಟಿಲ ಮೇಲೆ ಸಾಲಾಗಿಟ್ಟು ಅದೇ ಟಾರ್ಪಾಲಿನ್ ಹೊದಿಸಿದ್ದರು. ಮೇಲೆ ಮಳೆಯ ಮೋಡವೇನೂ ಇರಲಿಲ್ಲ. ನಾನು ಮತ್ತು ರೂಪಾ ಅವನ್ನು ಆಟೋಗೆ ತುಂಬಿದೆವು. ಖಾಲಿ ಡಬ್ಬಿ ಹಗುರಾಗಿ ಕೈಗೆ ಬಂದಾಗ ನಾನು ಸ್ವಲ್ಪ ತಡೆದೆ.

"ಸಿಕ್ತಾ?" ಎಂದು ಕೇಳಿತು ಒಂದು ದನಿ.

ಸರೋಜಮ್ಮ ಬಾಗಿಲಲ್ಲಿ ನಿಂತಿದ್ದರು. ಗಂಡನ ಮಾತು ತಮ್ಮ ಬಾಯಿಗೆ ಬಂದದ್ದು ಅವರಿಗೆ ತಿಳಿಯಿತೋ ಇಲ್ಲವೋ.

"ಇಲ್ಲ ಸರೋಜಮ್ಮ. ಯಾರ ಹತ್ರನೂ ಇಲ್ಲ. ನಾನೇ ಹರಿದಾಕ್ದೆ."

"ರೂಪಾ ಹೇಳಿದ್ಲು, ಊರಿಗೆಲ್ಲ ಫೋನ್ ಮಾಡ್ತಾವ್ರೆ ಅಂತ." ಬಾಗಿಲಿನಿಂದ ಸರಿದು ದಾರಿ ಬಿಟ್ಟರು. "ಒಳಕ್ ಬಾ."

ಅಡುಗೆಮನೆಯ ಅಟ್ಟದ ಮೇಲಿನ ಡಬ್ಬದಿಂದ ಒಂದು ಪ್ಲಾಸ್ಟಿಕ್ ಕವರು ಇಳಿಸಿದರು. ರೇಷನ್ ಕಾರ್ಡು, ಆಧಾರ್ ಕಾರ್ಡು, ಮನೆಗೆ ಸೇರಿದ ಮುಖ್ಯವಾದ ಕಾಗದಗಳೆಲ್ಲ ಇರುವ ಕವರು. ಅದರಿಂದ ಒಂದೊಂದೇ ತೆಗೆದು ಬದಿಗಿಟ್ಟರು. ಕಡೆಯಲ್ಲಿ ತಿಳಿ ಹಳದಿಯದೊಂದು, ಎರಡು ಮಡಿಕೆಯಾಗಿ. ಬಿಚ್ಚಿ ತೋರಿಸಿದರು. ಎಲ್ಲೂ ಹರಿದಿರಲಿಲ್ಲ. ನಾನು ಅವರ ಮುಖ ನೋಡಿದೆ. ಅವರು ಬೇರೆ ಕಡೆ ತಿರುಗಿದರು.

"ಇಟ್ಕೊಂಡಿಲ್ಲ ಕಣಮ್ಮ" ಎಂದರು, ಜೋರಾಗಿ, ನಾನೇನೋ ಅಂದೆ ಎನ್ನುವ ಹಾಗೆ. "ಹರಿಯೋದ್ ಮರ್ತೋಯ್ತು. ಅಷ್ಟೇ."

ಖಾಲಿ ಡಬ್ಬಿ ಇನ್ನೂ ನನ್ನ ಕಂಕುಳಲ್ಲೇ ಇತ್ತು. ಮುಚ್ಚಳ ತೆಗೆದೆ, ಬಜೆಯ ವಾಸನೆ ಬಂತು. ಅದು ಅವರಿಗೂ ತಾಕಿರಬೇಕು. ಕಾರ್ಡು ಹಿಡಿದ ಕೈ ಡಬ್ಬಿಯ ಕಡೆಗೆ ಅರ್ಧ ಬಂತು, ಅಲ್ಲೇ ನಿಂತಿತು. ಆಮೇಲೆ ಹಳೆಯ ಮಡಿಕೆಯಲ್ಲೇ ಮಡಚಿ, ರೇಷನ್ ಕಾರ್ಡಿನ ಹಿಂದೆ ಸೇರಿಸಿ, ಕವರಿನ ಬಾಯಿ ಸುತ್ತಿದರು. ನಾನು ಡಬ್ಬಿಯಿಂದ ಬಜೆಯ ಗಂಟು ತೆಗೆದುಕೊಟ್ಟೆ. ಅದನ್ನೂ ಕವರಿನ ಪಕ್ಕಕ್ಕಿಟ್ಟು, ಡಬ್ಬದ ಮುಚ್ಚಳ ಹಾಕಿ, ಮತ್ತೆ ಅಟ್ಟಕ್ಕೆ ಏರಿಸಿದರು.

ಗೇಟಿನವರೆಗೂ ಬಂದರು. ಆಟೋದವನು ಹಾರ್ನ್ ಹೊಡೆಯುತ್ತಿದ್ದ.

"ಅವ್ರು ಕುಣಿಗಲ್‌ಗೆ ಹೋಗ್ತಿದ್ರಲ್ಲ, ವರ್ಷಕ್ಕೊಂದ್ಸಲ" ಎಂದರು ಸರೋಜಮ್ಮ. "ಹಂಗೆ ಬಂದು ನೋಡ್ಕೊಂಡ್ ಹೋಗು."